ಹೂವಿನ ಗುಡಾರಕ್ಕೆ ಎಷ್ಟು ಬಲೆ?

ಕಳಸ
9 ಜನವರಿ 2025

ಸುಕನ್ಯಾ ಅವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಕಳಸದಿಂದ ಮೇಲೆ, ಬಸ್ಸು ತಿರುಗಿಸುವ ಜಾಗದಿಂದ ಇನ್ನೂ ಸ್ವಲ್ಪ ಒಳಗೆ ನಮ್ಮ ತೋಟ. ಅಪ್ಪ ತಿಮ್ಮಪ್ಪ, ನಾನು ಅವರ ಮಗಳು ರೂಪಶ್ರೀ. ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಮೂರು ವರ್ಷದಿಂದ ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಬಸ್ಸಿನ ಕಂಡಕ್ಟರ್ ಮೋಹಿತ್ ನಿಮ್ಮ ಹೆಸರು ಹೇಳಿದ. ಬಣಕಲ್‌ನಲ್ಲಿ ಟಾರ್ಪಾಲು ಹೊಲಿಯುತ್ತಾರೆ, ಕಣದ ಹೊದಿಕೆ ಅಂದರೆ ಅವರದೇ, ಆದರೆ ಫೋನಿನಲ್ಲಿ ಅಳತೆ ತೆಗೆದುಕೊಳ್ಳುವುದಿಲ್ಲ, ಕಾಗದದಲ್ಲಿ ಬರೆದುಕೊಟ್ಟರೆ ಮಾತ್ರ ಕತ್ತರಿ ಹಿಡಿಯುತ್ತಾರೆ ಎಂದ. ನನಗೂ ಅನುಕೂಲವೇ ಆಯಿತು. ನಮ್ಮ ಮನೆಗೆ ಸಿಗ್ನಲ್ ಬರುವುದಿಲ್ಲ. ಬೆಳಗಿನ ಬಸ್ಸಿಗೆ ಕಾಗದ ಕೊಟ್ಟರೆ ಅವನೇ ನಿಮ್ಮ ಅಂಗಡಿಗೆ ತಲುಪಿಸುತ್ತಾನಂತೆ.

ನನಗೆ ಬೇಕಾಗಿರುವುದು ಟಾರ್ಪಾಲಲ್ಲ, ಬಿಳಿ ಬಲೆಯ ಗುಡಾರ. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನದು. ಬಿಸಿಲು ಗಾಳಿ ಬರಬೇಕು, ಒಂದು ನೊಣವೂ ಒಳಗೆ ನುಸುಳಬಾರದು. ಆಕಾರವನ್ನು ಕೆಳಗೆ ಬರೆದಿದ್ದೇನೆ. ಬೋರಲು ಹಾಕಿದ ಪುಸ್ತಕದ ಹಾಗೆ ಎರಡು ಇಳಿಜಾರು, ಎರಡು ತುದಿಗೂ ಒಂದೊಂದು ತ್ರಿಕೋನ. ಉದ್ದ ಹದಿನಾರು ಅಡಿ, ಬುಡದ ಅಗಲ ಒಂಬತ್ತು, ನಡುವೆ ಆರು. ನೆಲಕ್ಕೆ ಬಲೆ ಬೇಡ. ಬಾಗಿಲೂ ಬೇಡ.

ಬೇಸಿಗೆಯ ಮೊದಲ ಮಳೆ, ಹೂಮಳೆ, ಬೀಳುವುದರೊಳಗೆ ಸಿಗಬೇಕು. ಯಾಕೆ ಎಂದು ಸದ್ಯಕ್ಕೆ ಕೇಳಬೇಡಿ, ಹೇಳಿದರೆ ನಗುತ್ತೀರಿ.

ಇಂತಿ,
ರೂಪಶ್ರೀ

ಬಣಕಲ್
13 ಜನವರಿ 2025

ರೂಪಶ್ರೀ ಮೇಡಂ ಅವರಿಗೆ,

ಕೇಳಬೇಡಿ ಎಂದು ಬರೆದರೆ ಕೇಳದೆ ಇರುವವಳಲ್ಲ ನಾನು. ಹನ್ನೆರಡು ವರ್ಷದಿಂದ ಕಣದ ಹೊದಿಕೆ ಹೊಲಿದಿದ್ದೇನೆ, ಜೀಪಿಗೆ ಹುಡ್ಡು ಹೊಲಿದಿದ್ದೇನೆ, ಕೊಟ್ಟಿಗೆಗೆ ಪರದೆ, ಮದುವೆ ಮನೆಗೆ ಚಪ್ಪರದ ಬಟ್ಟೆ ಎಲ್ಲ ಹೊಲಿದಿದ್ದೇನೆ. ಬಾಗಿಲೇ ಇಲ್ಲದ ಬಲೆಯ ಮನೆ ಇದೇ ಮೊದಲು. ಒಳಗೆ ಹೋದವರು ಹೊರಗೆ ಬರುವುದು ಹೇಗೆ? ಕೋಳಿಗಾದರೆ ಇಷ್ಟು ಸಣ್ಣ ಕಣ್ಣು ಬೇಕಾಗಿಲ್ಲ. ಕರುವಿಗಾದರೆ ಹದಿನಾರು ಅಡಿ ಯಾಕೆ? ನನ್ನ ಅಮ್ಮ ಪಾಪಮ್ಮ ಅಂಗಡಿಯೊಳಗೆ ಕೂತು ಟಾರ್ಪಾಲಿಗೆ ರಿಂಗು ಹೊಡೆಯುತ್ತಾಳೆ. ಅವಳನ್ನು ಕೇಳಿದೆ. "ದೊಡ್ಡೋರ ಮನೇಲಿ ಮಗು ಹುಟ್ಟಿರ್ಬೇಕು, ತೊಟ್ಲಿಗೆ" ಎಂದಳು. ಹದಿನಾರು ಅಡಿ ತೊಟ್ಟಿಲಾ ಅಂದಿದ್ದಕ್ಕೆ, "ಎಸ್ಟೇಟಿನೋರು ಎಂತ ಬೇಕಾದ್ರೂ ಮಾಡ್ತಾರೆ" ಎಂದಳು.

ನಿಮ್ಮ ಬಲೆಯ ಲೆಕ್ಕ ಹೇಳುತ್ತೇನೆ. ಥಾನು ಆರಡಿ ಅಗಲದ್ದೇ ಬರುತ್ತದೆ, ನಿಮ್ಮ ಆರಕ್ಕೆ ಅದು ಸರಿಯಾಗಿ ಕೂತಿತು. ಹದಿನಾರು ಅಡಿಯ ಎರಡು ತುಂಡು ಕತ್ತರಿಸಿದರೆ ಎರಡು ಮಗ್ಗಲು ಆಯಿತು, ನೆತ್ತಿಯ ಮೇಲೆ ಒಂದೇ ಹೊಲಿಗೆ. ತುದಿಯ ಮುಕ್ಕೋನಗಳಿಗೆ ನಾನು ಲೆಕ್ಕ ಹಾಕುವುದೇ ಇಲ್ಲ. ಬಟ್ಟೆಯ ಮೇಲೆ ಒಂಬತ್ತು ಅಡಿ ಗೆರೆ ಎಳೆದು, ಅದರ ಎರಡು ಕೊನೆಯಿಂದ ಆರಾರು ಅಡಿ ಹಗ್ಗ ಹಿಡಿದು, ಹಗ್ಗಗಳು ಕೂಡುವ ಕಡೆ ಸೀಮೆಸುಣ್ಣದ ಗುರುತು ಹಾಕುತ್ತೇನೆ. ಆಮೇಲೆ ಕತ್ತರಿ. ಇವತ್ತಿನವರೆಗೆ ಒಂದು ಹೊದಿಕೆಯೂ ವಾಪಸ್ಸು ಬಂದಿಲ್ಲ.

ಇದೇ ತಿಂಗಳ ಕೊನೆಯೊಳಗೆ ಕಳಿಸುತ್ತೇನೆ. ಒಳಗೆ ಏನಿಡುತ್ತೀರಿ ಎಂಬುದನ್ನು ಮಾತ್ರ ಹೇಳಲೇಬೇಕು. ತಲೆ ಕೆಟ್ಟುಹೋಗಿದೆ.

ಸುಕನ್ಯಾ

ಕಳಸ
28 ಜನವರಿ 2025

ಸುಕನ್ಯಾ ಅವರಿಗೆ,

ಗುಡಾರ ಬಂತು. ಹೊಲಿಗೆಯಲ್ಲಿ ಒಂದು ತಪ್ಪು ಹುಡುಕಲು ಆಗಲಿಲ್ಲ. ಆದರೆ ಅದು ನಾಲ್ಕೇ ಅಡಿ ಎತ್ತರ ಇದೆ. ಅಪ್ಪ ಸುತ್ತ ಒಂದು ಸುತ್ತು ಬಂದು, "ಎಂತ ಮಾರಾಯ್ತಿ, ಇದ್ರೊಳ್ಗೆ ಕಾಫಿ ಗಿಡ ಕೂತ್ಕಳ್ಬೇಕಷ್ಟೆ, ನಿಲ್ಲೋಕಾಗಲ್ಲ" ಎಂದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಬರೆಯಬಾರದು ಎಂದು ಒಂದು ದಿನ ಬಿಟ್ಟು ಬರೆಯುತ್ತಿದ್ದೇನೆ.

ಆರು ಎಂದು ನಾನು ಬರೆದದ್ದು ನಡುಗಂಬದ ಎತ್ತರ. ನೀವು ಅದನ್ನು ಇಳಿಜಾರಿನ ಉದ್ದ ಮಾಡಿಬಿಟ್ಟಿರಿ. ಶಾಲೆಯಲ್ಲಿ ಈ ಆಕಾರಕ್ಕೆ ತ್ರಿಭುಜ ಪಟ್ಟಕ ಎನ್ನುತ್ತಿದ್ದರು. ಅದರ ಮೇಲ್ಮೈ ತೆಗೆಯಬೇಕಾದರೆ ಮೊದಲು ಇಳಿಜಾರು ತಿಳಿಯಬೇಕು. ಕಂಬದ ಬುಡದಿಂದ ಅಂಚಿಗೆ ಒಂಬತ್ತರ ಅರ್ಧ, ಅಂದರೆ ನಾಲ್ಕೂವರೆ. ನಾಲ್ಕೂವರೆಯನ್ನು ನಾಲ್ಕೂವರೆಯಿಂದ ಗುಣಿಸಿ, ಆರನ್ನು ಆರರಿಂದ ಗುಣಿಸಿ, ಎರಡನ್ನೂ ಕೂಡಿದರೆ ಐವತ್ತಾರೂಕಾಲು. ಏಳೂವರೆಯನ್ನು ಏಳೂವರೆಯಿಂದ ಗುಣಿಸಿದರೂ ಅಷ್ಟೇ. ಹಾಗಾಗಿ ಇಳಿಜಾರು ಏಳೂವರೆ ಅಡಿ ಇರಬೇಕಿತ್ತು. ಎರಡು ಮಗ್ಗಲಿಗೆ ಇನ್ನೂರನಲವತ್ತು ಚದರಡಿ, ಎರಡು ತ್ರಿಕೋನಕ್ಕೆ ಐವತ್ತನಾಲ್ಕು. ಒಟ್ಟು ಇನ್ನೂರತೊಂಬತ್ತನಾಲ್ಕು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಳಗೆ ಬರುವುದು ಎರಡು ರೊಬಸ್ಟಾ ಗಿಡ. ಐದಡಿ ಎತ್ತರದವು, ನಿಂತ ಜಾಗದಲ್ಲೇ ಗುಡಾರ ಹಾಕಬೇಕು. ನಮ್ಮ ತೋಟದಲ್ಲಿ ಒಂದು ಬೂರುಗದ ಮರ ಇದೆ, ಅದರ ಕೊಂಬೆಗಳ ತುಂಬ ಹೆಜ್ಜೇನಿನ ಹುಟ್ಟುಗಳು. ಅಪ್ಪ ಆ ಮರವನ್ನು ಪ್ಲೈವುಡ್‌ನವರಿಗೆ ಕೊಡುತ್ತೇನೆ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ಅರೇಬಿಕಾಕ್ಕೆ ತನ್ನ ಹೂವಿನ ಪರಾಗವೇ ಸಾಕು, ರೊಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗ ಬೇಕೇ ಬೇಕು. ಅದನ್ನು ತರುವುದು ಗಾಳಿ ಎಂದು ಅಪ್ಪ, ಜೇನು ಎಂದು ನಾನು. "ಗಿಡದಲ್ಲಿ ತೋರ್ಸು, ಅಲ್ಲೀವರ್ಗೆ ಕೊಡಲಿ ಮುಟ್ಸಲ್ಲ" ಎಂದು ಅಪ್ಪ ಒಪ್ಪಿದ್ದಾರೆ. ಹೂವು ಬಿಟ್ಟಷ್ಟು ದಿನವೂ ಆ ಎರಡು ಗಿಡಕ್ಕೆ ಜೇನು ಸೋಕಬಾರದು. ಪಕ್ಕದ ಎರಡು ಗಿಡ ಬಯಲಲ್ಲೇ ಇರುತ್ತವೆ. ಯಾವುದರಲ್ಲಿ ಎಷ್ಟು ಕಾಯಿ ಕಚ್ಚುತ್ತದೆ ನೋಡಬೇಕು. ಈಗಿನ ಗುಡಾರ ಹಾಕಿದರೆ ಬಲೆ ಗಿಡದ ರೆಕ್ಕೆಗಳಿಗೆ, ಅಂದರೆ ಅಡ್ಡಕೊಂಬೆಗಳಿಗೆ, ಒತ್ತಿಕೊಂಡು, ಜೇನು ಹೊರಗೆ ಕೂತೇ ಹೂವಿಗೆ ನಾಲಿಗೆ ಚಾಚುತ್ತದೆ.

ಹೂಮಳೆ ಈ ಸಲ ಬೇಗ ಎನ್ನುತ್ತಿದ್ದಾರೆ. ಏನು ಮಾಡುವುದು ಹೇಳಿ.

ರೂಪಶ್ರೀ

ಬಣಕಲ್
2 ಫೆಬ್ರವರಿ 2025

ರೂಪಶ್ರೀ ಅವರಿಗೆ,

ನಿಮ್ಮ ಕಾಗದ ಓದಿ ಮೊದಲು ನನಗೂ ಸಿಟ್ಟು ಬಂತು. ಕಾಫಿ ಗಿಡಕ್ಕೆ ಸೊಳ್ಳೆ ಪರದೆ ಹೊಲಿಸಿದ ಹುಡುಗಿ ನನಗೆ ಪಾಠ ಹೇಳುತ್ತಾಳಲ್ಲ ಎಂದು. ಆಮೇಲೆ ಅಂಗಡಿ ಮುಂದೆ ಆರಡಿಯ ಗಳ ನಿಲ್ಲಿಸಿ, ಬುಡದಿಂದ ನಾಲ್ಕೂವರೆ ಅಡಿಗೆ ಗೂಟ ಹೊಡೆದು, ತುದಿಯಿಂದ ಗೂಟಕ್ಕೆ ಹಗ್ಗ ಎಳೆದೆ. ಅಳೆದರೆ ಏಳೂವರೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಎಡವಿದ್ದು ಎಲ್ಲಿ ಎಂದು ಗೊತ್ತಾಯಿತು. ನನ್ನ ಹತ್ತಿರ ಬರುವ ತೋಟದವರು ಯಾರೂ ಎತ್ತರ ಅಳೆಯುವುದಿಲ್ಲ. ನೆತ್ತಿಗೆ ಕಟ್ಟಿದ ಬೆನ್ನುಹಗ್ಗದ ಮೇಲಿಂದ ಒಂದು ಹಗ್ಗ ಎಸೆದು, ನೆಲಕ್ಕೆ ಮುಟ್ಟುವಲ್ಲಿ ಗಂಟು ಹಾಕಿ, ಆ ಹಗ್ಗವನ್ನೇ ಅಳೆದು ತರುತ್ತಾರೆ. ಅವರು ತರುವುದು ಬಟ್ಟೆಯ ಅಳತೆ. ನೀವು ಕಳಿಸಿದ್ದು ಒಳಗಿನ ಗಾಳಿಯ ಅಳತೆ. ನಡುವೆ ಎಂದು ನೀವು ಸ್ಪಷ್ಟವಾಗಿ ಬರೆದಿದ್ದೀರಿ, ನಾನೇ ಥಾನಿನ ಆರಡಿ ನೋಡಿ ಖುಷಿಯಾಗಿ ಕತ್ತರಿ ಹಾಕಿದೆ. ತಪ್ಪು ನನ್ನದು.

ಆಮೇಲೆ ಸುಮ್ಮನೆ ಕೂರಲಾಗಲಿಲ್ಲ. ನಾಲ್ಕಡಿ ಗಳ, ಮೂರಡಿ ದೂರ ಇಟ್ಟು ನೋಡಿದೆ, ಹಗ್ಗ ಐದು ಬಂತು. ಎಂಟಕ್ಕೆ ಆರು ಇಟ್ಟರೆ ಹತ್ತು. ಗಾರೆಯವರು ಮೂರು ನಾಲ್ಕು ಐದು ಎಂದು ಮೂಲೆಮಟ್ಟ ಹಿಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದೇ ಲೆಕ್ಕ ನನ್ನ ಬಟ್ಟೆಯೊಳಗೂ ಕೂತಿದೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಗಿರಾಕಿ ಬಂದು ಕರೆದರೂ ಕೇಳಿಸಲಿಲ್ಲ ಎಂದು ಅಮ್ಮ ಬೈದಳು.

ಗುಡಾರ ವಾಪಸ್ಸು ಕಳಿಸಿ. ಎರಡು ಮಗ್ಗಲಿಗೂ ಒಂದೂವರೆ ಅಡಿಯ ಪಟ್ಟಿ ಕೂಡಿಸುತ್ತೇನೆ. ತುದಿಯ ಮುಕ್ಕೋನ ಎರಡನ್ನೂ ಬಿಚ್ಚಿ ಹೊಸದು ಹಾಕಬೇಕು, ಅವಕ್ಕೆ ಪಟ್ಟಿ ಕೊಟ್ಟರೆ ಮೂಲೆ ಕೂಡುವುದಿಲ್ಲ. ಒಂದು ಅನುಮಾನ. ಶಾಲೆಯ ಲೆಕ್ಕದಲ್ಲಿ ನೆಲವೂ ಸೇರುತ್ತದೆಯಲ್ಲವೇ? ಹದಿನಾರು ಒಂಬತ್ಲಿ ನೂರನಲವತ್ತನಾಲ್ಕು ಅಲ್ಲೇ ಹೆಚ್ಚಾಗುತ್ತದೆ. ಪುಸ್ತಕ ಬರೆದವರ ಗುಡಾರದಲ್ಲಿ ಗಿಡ ಇರಲಿಲ್ಲ ಎಂದು ಕಾಣುತ್ತದೆ.

ಇನ್ನೊಂದು ಮಾತು. ಆ ಮರದ ಕೆಳಗೆ ಕೊಯ್ಲಿನವರು ಹೋಗುತ್ತಾರಾ? ಜೇನು ಯಾರಿಗಾದರೂ ಹೊಡೆದಿದೆಯಾ?

ಸುಕನ್ಯಾ

ಕಳಸ
5 ಫೆಬ್ರವರಿ 2025

ಪ್ರೀತಿಯ ಸುಕನ್ಯಕ್ಕ,

ಹಾಗೆ ಕರೆಯಬಹುದು ತಾನೆ? ಗಳ ನಿಲ್ಲಿಸಿ ಹಗ್ಗ ಎಳೆದದ್ದು ಓದಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾವು ಶಾಲೆಯಲ್ಲಿ ಆ ಸೂತ್ರವನ್ನು ಬಾಯಿಪಾಠ ಮಾಡಿದ್ದೇ ಹೊರತು ಒಬ್ಬರೂ ಗಳ ನಿಲ್ಲಿಸಿ ನೋಡಿರಲಿಲ್ಲ.

ಗುಡಾರ ಕಳಿಸಿದ್ದೇನೆ. ನೆಲ ಸೇರಿಸಿದರೆ ನಾನೂರ ಮೂವತ್ತೆಂಟು ಆಗುತ್ತದೆ, ನಮಗದು ಬೇಡ. ಬದಲಿಗೆ ಕೆಳಗಿನ ಅಂಚನ್ನು ಅರ್ಧ ಅಡಿ ಉದ್ದ ಬಿಡಿ, ಮಣ್ಣು ಎಳೆದು ಮುಚ್ಚುತ್ತೇನೆ.

ಬೂರುಗ ಈಗ ಕೆಂಪು ಹೂವು ಬಿಟ್ಟು ನಿಂತಿದೆ. ಬೆಳಿಗ್ಗೆ ಅದರ ಕೆಳಗೆ ನಿಂತರೆ ಮರವೇ ಮಾತಾಡಿದ ಹಾಗೆ ಕೇಳುತ್ತದೆ. ಹೆಜ್ಜೇನು ತಾವಾಗಿ ಯಾರ ತಂಟೆಗೂ ಬರುವುದಿಲ್ಲ ಅಕ್ಕ, ಜನ ಸುಮ್ಮನೆ ಹೆದರುತ್ತಾರೆ. ಮೋಡ ಕಟ್ಟುತ್ತಿದೆ, ಬೇಗ ಕಳಿಸಿ.

ರೂಪಶ್ರೀ

ಕಳಸ
22 ಫೆಬ್ರವರಿ 2025

ಸುಕನ್ಯಕ್ಕ,

ಎರಡು ವಾರದಿಂದ ಉತ್ತರವಿಲ್ಲ. ಮೋಹಿತ್‌ನನ್ನು ದಿನಾ ಕೇಳುತ್ತೇನೆ, "ಅಂಗಡಿ ತೆಗೆದೇ ಇದೆ ಅಕ್ಕ, ಅವ್ರು ಎಂತದೂ ಕೊಡ್ಲಿಲ್ಲ" ಎನ್ನುತ್ತಾನೆ. ನಿಮಗೆ ಹುಷಾರಿಲ್ಲವೇ? ನಾನು ಬರೆದದ್ದರಲ್ಲಿ ಏನಾದರೂ ನೋವಾಯಿತೇ?

ನಿನ್ನೆ ಸಂಜೆ ಹೂಮಳೆ ಬಿತ್ತು, ಚೆನ್ನಾಗಿಯೇ ಬಿತ್ತು. ಇನ್ನು ಎಂಟು ಒಂಬತ್ತು ದಿನಕ್ಕೆ ಮೊಗ್ಗು ಒಡೆಯುತ್ತವೆ. ಅಷ್ಟರಲ್ಲಿ ಗುಡಾರ ಏರದಿದ್ದರೆ ಈ ವರ್ಷದ ಕಥೆ ಮುಗಿಯಿತು, ಮರದ್ದೂ ಮುಗಿಯಿತು. ಅಪ್ಪ ಇನ್ನೊಂದು ವರ್ಷ ಕಾಯುವವರಲ್ಲ. ಆಗದಿದ್ದರೆ ಬಿಡಿಬಿಡಿಯಾಗಿಯೇ ಕಳಿಸಿಬಿಡಿ, ನಾನು ಕೈಯಲ್ಲಿ ಹೊಲಿದುಕೊಳ್ಳುತ್ತೇನೆ.

ರೂಪಶ್ರೀ

ಬಣಕಲ್
24 ಫೆಬ್ರವರಿ 2025

ರೂಪಶ್ರೀ ಅವರಿಗೆ,

ಗುಡಾರ ಇದೇ ಬಸ್ಸಿನಲ್ಲಿ ಬರುತ್ತಿದೆ. ಮೊದಲು ಅದನ್ನು ಏರಿಸಿ, ಆಮೇಲೆ ಇದನ್ನು ಓದಿ.

ಕೆಲಸ ಎರಡೇ ದಿನದಲ್ಲಿ ಮುಗಿದಿತ್ತು. ಮಡಚಿ ಬೆಂಚಿನ ಕೆಳಗೆ ಇಟ್ಟೆ. ಮೆಷಿನ್ ಕೆಟ್ಟಿದೆ ಎಂದು ಸುಳ್ಳು ಬರೆಯಬಹುದಿತ್ತು, ಕೈ ಬರಲಿಲ್ಲ. ಅದಕ್ಕೇ ಏನೂ ಬರೆಯಲಿಲ್ಲ.

ಗುಡಾರ ತಂದುಕೊಟ್ಟ ದಿನ ಮೋಹಿತ್‌ನನ್ನು ಮಾತಿಗೆ ಕೇಳಿದ್ದೆ, ಆ ಮರ ಹೇಗಿದೆ ಮಾರಾಯ ಎಂದು. "ಹೋದ್ ವರ್ಷ ಕೊಯ್ಲಲ್ಲಿ ಯಲ್ಲಮ್ಮಂಗೆ ಹೊಡ್ದಿದ್ದು ಅಲ್ಲೇ ಅಲ್ವಾ ಅಕ್ಕ. ನಮ್ ಬಸ್ಸಲ್ಲೇ ಮಲಗ್ಸಿಕೊಂಡು ಆಸ್ಪತ್ರೆಗೆ ಹೋಗಿದ್ದು" ಎಂದ. ನಾನು ನಿಮ್ಮನ್ನು ನೇರವಾಗಿ ಕೇಳಿದ್ದೆ. ಜನ ಸುಮ್ಮನೆ ಹೆದರುತ್ತಾರೆ ಎಂದು ನೀವು ಬರೆದಿರಿ.

ನನ್ನ ಅಮ್ಮ ಸುಮ್ಮನೆ ಹೆದರುವವಳಲ್ಲ. ಒಂಬತ್ತು ವರ್ಷದ ಹಿಂದೆ ಆಲ್ದೂರಿನ ಕಡೆ ಒಂದು ತೋಟದಲ್ಲಿ ಕೊಯ್ಲಿಗೆ ಹೋಗಿದ್ದಾಗ ಹೆಜ್ಜೇನು ಎದ್ದವು. ಹದ್ದು ಹುಟ್ಟಿಗೆ ಹೊಡೆಯಿತೋ, ಯಾರಾದರೂ ಹೊಗೆ ಹಾಕಿದರೋ, ಇವತ್ತಿಗೂ ಗೊತ್ತಿಲ್ಲ. ಅಮ್ಮನ ತಲೆಕೂದಲೊಳಗೆ, ಕಿವಿಯೊಳಗೆಲ್ಲ ಹೊಕ್ಕಿದ್ದವು. ಓಡಲು ಎಲ್ಲ ಕಡೆ ದಾರಿ ಇತ್ತಂತೆ, ಹೋಗಿ ಸೇರಿಕೊಳ್ಳಲು ಒಂದು ಜಾಗ ಇರಲಿಲ್ಲವಂತೆ. ಬದುಕಿದಳು. ಆದರೆ ಅವತ್ತಿನಿಂದ ತೋಟಕ್ಕೆ ಕಾಲಿಟ್ಟಿಲ್ಲ. ನನ್ನ ಹೊಲಿಗೆ ಮೆಷಿನ್ನಿನ ಮೋಟಾರು ಗುಂಯ್ ಎಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅದಕ್ಕೇ ನಾನು ಇವತ್ತಿಗೂ ಕಾಲಲ್ಲಿ ತುಳಿಯುವ ಮೆಷಿನ್ ಇಟ್ಟುಕೊಂಡಿದ್ದೇನೆ.

ನಿಮ್ಮ ವಿಷಯವೆಲ್ಲ ಅವಳಿಗೆ ಹೇಳಿದೆ. "ಮರ ಕಡೀಲಿ ಬಿಡು. ಕಾಫಿ ನಾಲ್ಕು ಕಾಯಿ ಕಮ್ಮಿ ಆದ್ರೆ ಯಾರೂ ಸಾಯಲ್ಲ" ಎಂದಳು. ಅದು ತಪ್ಪು ಮಾತು ಎಂದು ನನಗೆ ಅನ್ನಿಸುವುದಿಲ್ಲ.

ಹಾಗಿದ್ದರೂ ಯಾಕೆ ಕಳಿಸಿದೆ? ನಿಮ್ಮ ಮೇಲಿನ ಸಿಟ್ಟು ಇನ್ನೂ ಇದೆ. ಆದರೆ ಆ ಬಲೆಯೊಳಗೆ ಕಾಯಿ ಕಚ್ಚುತ್ತದೋ ಇಲ್ಲವೋ ಎಂಬುದು ನನಗೂ ಗೊತ್ತಾಗಬೇಕು. ನನ್ನ ಅಮ್ಮನನ್ನು ಸಾಯುವಷ್ಟು ಹೊಡೆದ ಹುಳು ಬೇರೆ ಹೊತ್ತಿನಲ್ಲಿ ಏನು ಕೆಲಸ ಮಾಡುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನೀವು ಆ ಹುಳ ತಲೆಗೆ ಬಿಟ್ಟಿದ್ದೀರಿ, ಈಗ ಉತ್ತರ ಹೇಳಿ.

ಸುಕನ್ಯಾ

ಕಳಸ
8 ಮಾರ್ಚ್ 2025

ಸುಕನ್ಯಕ್ಕ,

ನೀವು ಹೇಳಿದ ಹಾಗೆ ಗುಡಾರ ಏರಿಸಿ ಆಮೇಲೆ ಕಾಗದ ಓದಿದೆ. ಓದಿ ಗಿಡದ ಬುಡದಲ್ಲೇ ಕೂತುಬಿಟ್ಟೆ. ಹೇಳಿದರೆ ನೀವು ಹೊಲಿದುಕೊಡುವುದಿಲ್ಲ ಎಂದು ಹೆದರಿ ಮುಚ್ಚಿಟ್ಟೆ. ಅದು ನಾಚಿಕೆಗೇಡು. ಕ್ಷಮಿಸಿ ಎಂದು ಬರೆಯುವುದು ಸುಲಭ, ಆದರೂ ಬರೆಯುತ್ತೇನೆ. ನಿಮ್ಮ ಅಮ್ಮನಿಗೂ ಹೇಳಿ.

ಪ್ಲೈವುಡ್ ಎಂದದ್ದೂ ಅರ್ಧ ಸುಳ್ಳು. ಯಲ್ಲಮ್ಮ ನಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲೇ ಇರುವವರು, ನನ್ನನ್ನು ಎತ್ತಿ ಆಡಿಸಿದವರು. ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಪ್ಪ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ವಾಪಸ್ಸು ಬಂದ ದಿನವೇ ಮರ ಕಡಿಸುತ್ತೇನೆ ಎಂದರು. ನಿಮ್ಮ ಕಣ್ಣಿಗೆ ನಾನು ಅಪ್ಪನನ್ನು ಹಟಮಾರಿ ಮಾಡಿ ತೋರಿಸಿದೆ. ಹಟ ನನ್ನದೇ.

ಇನ್ನು ನೀವು ಕೇಳಿದ್ದು. ಐದು ದಿನದ ಹಿಂದೆ ತೋಟವೆಲ್ಲ ಒಟ್ಟಿಗೆ ಬೆಳ್ಳಗಾಯಿತು. ಬೆಳಿಗ್ಗೆ ಹೆಜ್ಜೇನು ಇಳಿದವು. ಬಯಲಿನ ಎರಡು ಗಿಡದ ಮೇಲೆ ಎಣಿಸಲಾಗದಷ್ಟು. ನಿಮ್ಮ ಬಲೆಯ ಮೇಲೂ ಬಂದು ಕೂತವು, ನೆತ್ತಿಯ ಹೊಲಿಗೆಯುದ್ದಕ್ಕೂ ನಡೆದವು, ಅಂಚಿನವರೆಗೆ ಇಳಿದು ಹುಡುಕಿದವು. ವಾಸನೆ ಹೊರಗೆ ಬರುತ್ತಿತ್ತು, ದಾರಿ ಸಿಗಲಿಲ್ಲ. ಒಂದೂ ಒಳಗೆ ಹೋಗಲಿಲ್ಲ ಅಕ್ಕ.

ಅಪ್ಪ ಒಂದು ತಕರಾರು ತೆಗೆದರು. ಬಲೆ ಗಾಳಿಯನ್ನೂ ತಡೆಯುತ್ತದೆ, ಕಾಯಿ ಕಡಿಮೆಯಾದರೆ ಅದು ಜೇನಿನದೋ ಗಾಳಿಯದೋ ಹೇಗೆ ಹೇಳುತ್ತೀಯ ಎಂದರು. ಮರುದಿನ ಅವರೇ ಒಳಗೊಂದು ಹೊರಗೊಂದು ದಾರದ ಎಳೆ ಕಟ್ಟಿ, ಮಧ್ಯಾಹ್ನದವರೆಗೆ ಕಲ್ಲಿನ ಮೇಲೆ ಕೂತು ನೋಡಿದರು. "ಒಳ್ಗಿಂದೂ ಆಡ್ತದೆ, ಸ್ವಲ್ಪ ಸೋಮಾರಿ ಅಷ್ಟೆ" ಎಂದರು. ಅಪ್ಪ ಇಷ್ಟು ಹೊತ್ತು ಒಂದು ಕಡೆ ಕೂತಿದ್ದನ್ನು ನಾನು ಕಂಡಿಲ್ಲ.

ಹೂವು ಉದುರಿತು. ನಾಳೆ ಗುಡಾರ ಬಿಚ್ಚುತ್ತೇನೆ. ಇನ್ನು ಮಳೆಗಾಲದವರೆಗೆ ಕಾಯುವುದು.

ರೂಪಶ್ರೀ

ಬಣಕಲ್
3 ಜೂನ್ 2025

ರೂಪಶ್ರೀ ಅವರಿಗೆ,

ಮೂರು ತಿಂಗಳಾಯಿತು. ನಿಮ್ಮ ಗಿಡ ಬಸುರಿಯೋ ಅಲ್ಲವೋ ಎಂದು ಕೇಳುವ ಧೈರ್ಯ ಮೋಹಿತ್‌ನಿಗೂ ಇಲ್ಲ, ನನಗೆ ಮಾತ್ರ ಇದೆ. ಮಳೆಗೆ ಮುಂಚಿನ ಟಾರ್ಪಾಲು ಕೆಲಸದಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಆದರೂ ಈಗ ಯಾರೇ ಅಳತೆ ತಂದರೂ ಇದು ಹಗ್ಗದ್ದೋ ಕಂಬದ್ದೋ ಎಂದು ಕೇಳುತ್ತೇನೆ. ಜನ ಪಿಳಿಪಿಳಿ ನೋಡುತ್ತಾರೆ.

ನಿಮ್ಮ ಮಾರ್ಚಿನ ಕಾಗದ ಅಮ್ಮನಿಗೆ ಓದಿ ಹೇಳಿದೆ. ರಾತ್ರಿ ಊಟಕ್ಕೆ ಕೂತಾಗ, "ಆ ಯಲ್ಲಮ್ಮ ಈಗ ಕೆಲ್ಸಕ್ಕೆ ಹೋಗ್ತಾಳಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನೀವು ಬರೆದಿಲ್ಲ.

ಸುಕನ್ಯಾ

ಕಳಸ
10 ಜುಲೈ 2025

ಸುಕನ್ಯಕ್ಕ,

ರಸ್ತೆಗೆ ಮರ ಬಿದ್ದು ಬಸ್ಸಿರಲಿಲ್ಲ, ತಡವಾಯಿತು. ಉತ್ತರ ಸಿಕ್ಕಿದೆ.

ಬಯಲಿನ ಗಿಡಗಳಲ್ಲಿ ಗೆಣ್ಣು ಗೆಣ್ಣಿಗೂ ಕಾಯಿ ಒತ್ತೊತ್ತಾಗಿ ಕೂತಿವೆ, ಬೆರಳು ತೂರಿಸಲು ಜಾಗವಿಲ್ಲ. ಬಲೆಯೊಳಗೆ ಇದ್ದವುಗಳಲ್ಲಿ ಒಂದು ಗೆಣ್ಣಿಗೆ ನಾಲ್ಕು, ಇನ್ನೊಂದಕ್ಕೆ ಎರಡು, ಎಷ್ಟೋ ಗೆಣ್ಣು ಬರಿದೇ. ಅಪ್ಪ ಕೊಡೆ ಹಿಡಿದುಕೊಂಡು ತಾವೇ ರೆಕ್ಕೆ ರೆಕ್ಕೆ ಎತ್ತಿ ಎಣಿಸಿದರು. ಆಮೇಲೆ, "ಗಾಳಿನೂ ಉಂಟು, ಜೇನೂ ಉಂಟು. ಜೇನು ಜಾಸ್ತಿ. ಮರ ಇರ್ಲಿ" ಎಂದರು. ನಾನು ಮಳೆಯಲ್ಲೇ ಕುಣಿದುಬಿಟ್ಟೆ.

ಆ ಸಂತೋಷದಲ್ಲಿ ನೇರ ಯಲ್ಲಮ್ಮನ ಮನೆಗೆ ಹೋದೆ. ನಿಮ್ಮ ಅಮ್ಮ ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಯಲ್ಲಮ್ಮ ಕೆಲಸಕ್ಕೆ ಬರುತ್ತಾರೆ, ಆದರೆ ಮರದ ಕಡೆಯ ಇಳಿಜಾರಿಗೆ ಬರುವುದಿಲ್ಲ. ನಾನು ಕಾಯಿಯ ಕಥೆಯೆಲ್ಲ ಹೇಳಿದೆ. ಅವರು ಒಲೆಯ ಮುಂದೆ ಕೂತು ಪೂರ್ತಿ ಕೇಳಿದರು. "ಒಳ್ಳೇದಾಯ್ತು ಬಿಡಿ ರೂಪಮ್ಮ" ಎಂದರು. ಆಮೇಲೆ ನನ್ನ ಮುಖ ನೋಡದೆ, "ಜೇನು ಮುಟ್ಬಾರ್ದು ಅಂತ ಹೂವಿಗೆ ಬಲೆ ಹೊಲ್ಸಿದ್ರಿ. ನಮ್ಗೆ?" ಎಂದರು.

ಅಕ್ಕ, ಆರು ತಿಂಗಳಿಂದ ಆ ಗುಡಾರದ ಪ್ರತಿ ಅಡಿಯ ಲೆಕ್ಕ ನನ್ನ ತಲೆಯಲ್ಲಿದೆ. ಈ ಪ್ರಶ್ನೆ ಒಮ್ಮೆಯೂ ಬರಲಿಲ್ಲ. ಎದ್ದು ಬಂದೆ. ಅಪ್ಪನಿಗೂ ಹೇಳಿದೆ.

ಮಳೆ ಹಿಡಿದ ಮೇಲೆ ಜೇನು ಮರ ಬಿಟ್ಟು ಹೋಗಿವೆ. ಕೊಯ್ಲಿನ ಹೊತ್ತಿಗೆ ಬಂದೇ ಬರುತ್ತವೆ. ಮರದ ಕೆಳಗಿನ ಇಳಿಜಾರಿನಲ್ಲಿ ಹತ್ತು ಹನ್ನೆರಡು ಜನ ಕೊಯ್ಯುತ್ತಾರೆ. ಅವರು ಓಡಿಬಂದು ಸೇರಿಕೊಳ್ಳುವ ಗುಡಾರ ಆಗಬೇಕು. ಹಳೆಯದನ್ನೇ ಹಾಕಿದರೆ ಸಾಕೇ? ಅಳತೆ ನಾನು ಹೇಳುವುದಿಲ್ಲ, ನೀವೇ ಹೇಳಿ.

ರೂಪಶ್ರೀ

ಬಣಕಲ್
17 ಜುಲೈ 2025

ರೂಪಶ್ರೀ,

ಹಳೆಯದು ಸಾಲುವುದಿಲ್ಲ. ಆರಡಿ ಎತ್ತರ, ಒಂಬತ್ತಡಿ ಬುಡ ಎಂದರೆ ಐದಡಿಯ ಹೆಂಗಸಿನ ತಲೆಮಟ್ಟದಲ್ಲಿ ಒಂದೂವರೆ ಅಡಿಯಷ್ಟೇ ಅಗಲ. ಜನ ಒಬ್ಬರ ಹಿಂದೆ ಒಬ್ಬರು ರೇಷನ್ ಅಂಗಡಿಯ ಸಾಲಿನ ಹಾಗೆ ನಿಲ್ಲಬೇಕು. ಇಳಿಜಾರು ಗೋಡೆಯ ಕೆಳಗಿನ ಜಾಗ ಗಿಡಕ್ಕೆ ಆಗುತ್ತದೆ, ಹೆದರಿದ ಮನುಷ್ಯರಿಗೆ ಆಗುವುದಿಲ್ಲ. ಬಲೆ ಮೈಗೆ ತಗುಲಿದರೆ ಹೊರಗಿಂದಲೇ ಚುಚ್ಚುತ್ತವೆ.

ಎಂಟಡಿ ಕಂಬ, ಹನ್ನೆರಡು ಅಡಿ ಬುಡ, ಹನ್ನೆರಡು ಅಡಿ ಉದ್ದ ಇಟ್ಟುಕೊಳ್ಳಿ. ಅರ್ಧ ಬುಡ ಆರು, ಕಂಬ ಎಂಟು, ಹಾಗಾಗಿ ಇಳಿಜಾರು ಹತ್ತು. ಎರಡು ಮಗ್ಗಲು ಇನ್ನೂರನಲವತ್ತು, ಎರಡು ಮುಕ್ಕೋನ ತೊಂಬತ್ತಾರು, ಒಟ್ಟು ಮುನ್ನೂರ ಮೂವತ್ತಾರು ಚದರಡಿ. ಮಣ್ಣಿನೊಳಗೆ ಹೋಗುವ ಅಂಚು ಬೇರೆ. ಇಷ್ಟನ್ನು ಕಾಗದದ ಮೇಲೆ ಮಾಡಿದೆ, ಹಗ್ಗ ಆಮೇಲೆ ಎಳೆದು ತಾಳೆ ನೋಡಿದೆ.

ಉಳಿದದ್ದೆಲ್ಲ ಅಮ್ಮ ಹೇಳಿದ್ದು. ಯಲ್ಲಮ್ಮನ ಪ್ರಶ್ನೆ ಓದಿದಾಗ ಅವಳ ಕೈಯಲ್ಲಿದ್ದ ಸುತ್ತಿಗೆ ನಿಂತಿತು. ಒಂಬತ್ತು ವರ್ಷದಲ್ಲಿ ಆ ದಿನದ ಬಗ್ಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ನೆಲಕ್ಕೆ ಬಟ್ಟೆ ಹಾಕಬೇಡ, ಓಡಿ ಬರುವವರು ಎಡವುತ್ತಾರೆ ಎಂದಳು. ಬಾಗಿಲಿಗೆ ಜಿಪ್ಪು, ಗಂಟು ಏನೂ ಬೇಡ, "ಕಣ್ಣೇ ಕಾಣಲ್ಲ, ಗಂಟು ಎಲ್ಲಿ ಹುಡುಕ್ತಾರೆ?" ಎಂದಳು. ಒಂದರ ಮೇಲೊಂದು ಬೀಳುವ ಎರಡು ಪದರ ಇರಬೇಕು, ನುಗ್ಗಿದರೆ ತಾನಾಗಿ ಮುಚ್ಚಿಕೊಳ್ಳುವ ಹಾಗೆ ಕೆಳಗೆ ಭಾರಕ್ಕೆ ಸರಪಳಿ ಹೊಲಿಯಬೇಕು. ಬಾಗಿಲು ಇಬ್ಬರು ಒಟ್ಟಿಗೆ ನುಗ್ಗುವಷ್ಟು ಅಗಲ, ಎರಡು ತುದಿಗೂ ಒಂದೊಂದು. ನಾನು ಆ ದಿನದ ಬಗ್ಗೆ ಇನ್ನೇನೋ ಕೇಳಿದೆ, "ಹೊಲಿ ಸುಮ್ನೆ" ಎಂದಳು.

ಮರದ ವಿಷಯ ಅವಳ ಮನಸ್ಸು ಬದಲಾಗಿಲ್ಲ. ಆದರೆ ಒಂದು ಮಾತು ಬರೆಯಲು ಹೇಳಿದಳು. ಮರ ಇರಬೇಕೋ ಬೇಡವೋ ಎಂದು ನೀವೂ ನಿಮ್ಮ ಅಪ್ಪನೂ ತೀರ್ಮಾನ ಮಾಡಿದ್ದು ಸಾಕಂತೆ. ಗುಡಾರ ಏರಿಸಿದ ಮೇಲೆ ಯಲ್ಲಮ್ಮ ಒಳಗೆ ಹೋಗಿ ನೋಡಲಿ. ಅವಳು ಸಾಕು ಎಂದರೆ ಮರ ಇರಲಿ, ಸಾಲದು ಎಂದರೆ ಕಡಿಸಿ. ನೀವು ಇದಕ್ಕೆ ಒಪ್ಪಿ ಬರೆದರೆ ಮಾತ್ರ ಕತ್ತರಿ ಹಿಡಿಯುತ್ತೇನೆ.

ಸುಕನ್ಯಾ

ಕಳಸ
21 ಜುಲೈ 2025

ಸುಕನ್ಯಕ್ಕ,

ಇಡೀ ದಿನ ಯೋಚಿಸಿದೆ. ಕಾಯಿ ತೋರಿಸಿ ಗೆದ್ದ ಮರವನ್ನು ಮತ್ತೆ ಪಣಕ್ಕೆ ಇಡಬೇಕಲ್ಲ ಎಂದು ಸಂಕಟವಾಯಿತು. ಆದರೆ ನಿಮ್ಮ ಅಮ್ಮನ ಮಾತು ಸರಿ. ಒಪ್ಪಿದ್ದೇನೆ. ಅಪ್ಪನೂ ಒಪ್ಪಿದರು, ನನಗಿಂತ ಬೇಗ ಒಪ್ಪಿದರು.

ರೂಪಶ್ರೀ

ಕಳಸ
14 ಡಿಸೆಂಬರ್ 2025

ಸುಕನ್ಯಕ್ಕ,

ಹೆಜ್ಜೇನು ಹೋದ ತಿಂಗಳೇ ಮರಕ್ಕೆ ಬಂದವು, ಈ ಸಲ ಇನ್ನೂ ಹೆಚ್ಚು ಹುಟ್ಟು ಕಟ್ಟಿವೆ. ಮೊನ್ನೆ ಅಪ್ಪ ನಾಲ್ಕು ಜನರನ್ನು ಕರೆದುಕೊಂಡು, ಸದ್ದಿಲ್ಲದೆ, ಮರದಿಂದ ಸ್ವಲ್ಪ ದೂರದಲ್ಲಿ ನೀವು ಕಳಿಸಿದ ಹೊಸ ಗುಡಾರ ಏರಿಸಿದರು. ಕಂಬ ಎಂಟಡಿ, ಒಂದಿಂಚೂ ಕಡಿಮೆ ಇಲ್ಲ.

ನಿನ್ನೆ ಯಲ್ಲಮ್ಮನನ್ನು ಕರೆದೆ. ನಿಮ್ಮ ಅಮ್ಮ ಹೇಳಿದ್ದನ್ನು ಹಾಗೇ ಹೇಳಿದೆ, ಮರ ಇರುವುದೂ ಹೋಗುವುದೂ ನಿಮ್ಮ ಮಾತಿನ ಮೇಲೆ ಎಂದೆ. ಅವರು ನಂಬಲಿಲ್ಲ. ಅಪ್ಪನ ಮುಖ ನೋಡಿದರು. ಅಪ್ಪ ತಲೆಯಾಡಿಸಿದರು. ಆಗ ಅವರು ಸುತ್ತ ನೋಡಿ, ಗುಡಾರದೊಳಗೆ ಹೋಗುವ ಬದಲು ಇಳಿಜಾರು ಇಳಿದು ಹೋದರು. ಎಲ್ಲಿಗೆ ಎಂದು ನಮಗೆ ಅರ್ಥವಾಗಲಿಲ್ಲ. ಕೆಳಗಿನ ಕೊನೆಯ ಸಾಲಿಗೆ ಹೋಗಿ, ಸೊಂಟಕ್ಕೆ ಕೊಯ್ಲಿನ ಚೀಲ ಕಟ್ಟಿಕೊಂಡು, ಅಲ್ಲಿಂದ ಓಡಿಬಂದರು. ಐವತ್ತು ದಾಟಿದ ಹೆಂಗಸು, ಏರಿನಲ್ಲಿ, ಗಿಡಗಳ ನಡುವೆ. ಬಾಗಿಲಿಗೆ ನುಗ್ಗಿದರು. ಪದರಗಳು ಬಿದ್ದು ಮುಚ್ಚಿಕೊಂಡವು. ಒಳಗೆ ನಡುವೆ ಹೋಗಿ ಕೂತರು. ಇಳಿಜಾರಿನ ಮೇಲ್ಗಡೆ ಮರ ಗುಂಯ್ ಎನ್ನುತ್ತಿತ್ತು. ನಾವೆಲ್ಲ ಹೊರಗೆ ನಿಂತಿದ್ದೆವು. ಬಹಳ ಹೊತ್ತು ಕೂತಿದ್ದರು. ಉಸಿರು ಒಂದು ಹದಕ್ಕೆ ಬಂದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದರು.

"ಬಲೆ ಗಟ್ಟಿ ಉಂಟು. ಮರ ಇರ್ಲಿ" ಎಂದರು. ನನಗೆ ಕಣ್ಣು ತುಂಬಿತು. ಆದರೆ ಅವರ ಮಾತು ಮುಗಿದಿರಲಿಲ್ಲ. "ಕೆಳಗ್ಲ ಸಾಲಿಂದ ಇಲ್ಲಿಗೆ ಬರೋಷ್ಟ್ರಲ್ಲಿ ನಾನು ಸತ್ತಿರ್ತೀನಿ. ಅಲ್ಲೊಂದು ಬೇಕು. ಅದು ಬರೋ ತನ್ಕ ಆ ಸಾಲು ನಾವ್ಯಾರೂ ಕೊಯ್ಯಲ್ಲ" ಎಂದರು.

"ಕೊಯ್ಬೇಡಿ" ಎಂದರು ಅಪ್ಪ.

ಕೆಳಗಿನ ಸಾಲಿನಲ್ಲಿ ಹಣ್ಣು ಕೆಂಪಾಗುತ್ತಿವೆ, ಯಾರೂ ಆ ಕಡೆ ಹೋಗುತ್ತಿಲ್ಲ. ಅದೇ ಅಳತೆಯ ಇನ್ನೊಂದು ಹೊಲಿದು ಕಳಿಸಿ. ನಿಮ್ಮ ಅಮ್ಮನಿಗೆ ಹೇಳಿ, ಮರ ಇರಲಿ ಎಂದರೂ ಯಲ್ಲಮ್ಮ ಸಾಕು ಎನ್ನಲಿಲ್ಲ.

ರೂಪಶ್ರೀ